ಹೆಸರು ಅವರದು, ಇಟ್ಟಿಗೆ ನಮ್ಮದು: ಲೆಗೊ ಮೆಚ್ಚಿದವರಿಗೊಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಚಿಕ್ಕಮಗಳೂರಿನ ನಮ್ಮ ಬಡಾವಣೆಯ ನಾಲ್ಕು ಮನೆಯವರು ಸೇರಿ ಮಕ್ಕಳಿಗೆ ಹತ್ತು ದಿನಗಳ ಬೇಸಿಗೆ ಶಿಬಿರ ನಡೆಸಲು ನಿರ್ಧರಿಸಿದೆವು. ಮನೆಮನೆಯಲ್ಲಿದ್ದ ಲೆಗೊ ಇಟ್ಟಿಗೆಗಳನ್ನು, ಅಂದರೆ ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ಆಟಿಕೆಯ ತುಂಡುಗಳನ್ನು, ಒಟ್ಟುಗೂಡಿಸಿ ಮಕ್ಕಳಿಂದ ಏನಾದರೂ ಕಟ್ಟಿಸುವುದು, ಖರ್ಚಿಗಾಗಿ ಒಂದು ಮಗುವಿಗೆ ಇಷ್ಟೆಂದು ಸ್ವಲ್ಪ ಹಣ ಪಡೆಯುವುದು, ಇಷ್ಟೇ ನಮ್ಮ ಯೋಜನೆಯಾಗಿತ್ತು. ನಾನು ಉತ್ಸಾಹದಿಂದ ಆರಡಿ ಅಗಲದ ಫ್ಲೆಕ್ಸ್ ಒಂದನ್ನು ಮುದ್ರಿಸಿ ತಂದೆ. ಅದರ ನಟ್ಟನಡುವೆ ಕೆಂಪು ಚೌಕದಲ್ಲಿ ಬಿಳಿ ಅಕ್ಷರಗಳಿದ್ದ ಆ ಪ್ರಸಿದ್ಧ ಲಾಂಛನ, ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಚಿಕ್ಕಮಗಳೂರು ಲೆಗೊ ಶಿಬಿರ’ ಎಂಬ ಬರಹ. ಸಂಜೆ ಕಾಫಿಗೆ ಬಂದ ವಕೀಲ ಮಿತ್ರರು ಲೋಟ ಕೈಯಲ್ಲಿ ಹಿಡಿದು ಅದನ್ನು ಸ್ವಲ್ಪ ಹೊತ್ತು ನೋಡಿ, “ಸಾರ್, ಈ ಕೆಂಪು ಚೌಕ ನಿಮಗೆ ಯಾರು ಕೊಟ್ಟರು?” ಎಂದು ಕೇಳಿದರು. ಫ್ಲೆಕ್ಸ್ ಆ ರಾತ್ರಿಯೇ ಗೇಟಿನಿಂದ ಇಳಿಯಿತು.

ಸಾವಿರಾರು ರೂಪಾಯಿ ಸುರಿದು ಕೊಂಡ ಆಟಿಕೆಯ ಹೆಸರನ್ನು ಬಾಯ್ತುಂಬ ಹೇಳುವುದಕ್ಕೂ ಯೋಚಿಸಬೇಕಲ್ಲ ಎಂದು ಅಂದು ನನಗೆ ಬಹಳ ಸಿಟ್ಟು ಬಂದಿತ್ತು. ಕಾನೂನನ್ನೂ ಕಂಪನಿಯ ನಿಯಮಗಳನ್ನೂ ಓದುತ್ತ ಹೋದಂತೆ ಆ ಸಿಟ್ಟಿನಲ್ಲಿ ಅರ್ಧ ಕರಗಿತು. ಉಳಿದರ್ಧ ಈಗಲೂ ಇದೆ. ಈ ಆಟಿಕೆಯನ್ನು ಮೆಚ್ಚಿ, ಅದರ ಬೆಲೆಗೆ ಬೆದರಿ, ಅದರ ಹೆಸರಿನ ಕಾವಲಿಗೆ ಬೇಸತ್ತಿರುವ ತಂದೆ ತಾಯಂದಿರು, ಶಿಬಿರ ನಡೆಸುವವರು ಮತ್ತು ಸಣ್ಣ ಅಂಗಡಿಯವರು ಯಾವ ಕ್ರಮದಲ್ಲಿ ಮುಂದುವರಿಯಬಹುದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಯಾವುದು ಅವರದು, ಯಾವುದು ಎಲ್ಲರದು ಎಂದು ತಿಳಿದುಕೊಳ್ಳಿ

ಮುಂದಿನ ಎಲ್ಲ ಹೆಜ್ಜೆಗಳೂ ಇದರ ಮೇಲೆಯೇ ನಿಂತಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು. ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳನ್ನು ಮಾಡಲಾರಂಭಿಸಿದರು. ‘ಚೆನ್ನಾಗಿ ಆಡು’ ಎಂಬ ಅರ್ಥ ಕೊಡುವ ಎರಡು ಡ್ಯಾನಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಲೆಗೊ ಎಂಬ ಹೆಸರು ಹುಟ್ಟಿತು. 1949ರಲ್ಲಿ ಬಂದ ಅವರ ಮೊದಲ ಪ್ಲಾಸ್ಟಿಕ್ ಇಟ್ಟಿಗೆಗಳಿಗೆ ಮಾದರಿಯಾದದ್ದು ಇಂಗ್ಲೆಂಡಿನ ಹಿಲರಿ ಪೇಜ್ ಎಂಬವರ ಕಿಡ್ಡಿಕ್ರಾಫ್ಟ್ ಕಂಪನಿಯ ಇಟ್ಟಿಗೆ. ಇಂದು ಪ್ರಪಂಚದಾದ್ಯಂತ ನಕಲು ಮಾಡುವವರ ಬೆನ್ನು ಹತ್ತುವ ಕಂಪನಿಯ ಮೊದಲ ಇಟ್ಟಿಗೆಯೇ ಇನ್ನೊಬ್ಬರ ಇಟ್ಟಿಗೆಯನ್ನು ನೋಡಿ ಮಾಡಿದ್ದು ಎಂಬುದನ್ನು ನೆನೆದಾಗ ನನಗೆ ಒಳಗೊಳಗೇ ನಗು ಬರುತ್ತದೆ. ಆ ಇಟ್ಟಿಗೆಯ ಹಕ್ಕುಗಳನ್ನು ಕಂಪನಿ 1981ರಲ್ಲಿ ಹಣ ಕೊಟ್ಟು ಕೊಂಡುಕೊಂಡಿತು ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

ಇಟ್ಟಿಗೆಯ ಮೇಲಿನ ಗುಬುಟುಗಳು ಇನ್ನೊಂದು ಇಟ್ಟಿಗೆಯ ಒಳಗಿನ ಕೊಳವೆಗಳ ನಡುವೆ ಬಿಗಿಯಾಗಿ ಕೂರುವ ವಿಧಾನಕ್ಕೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. ಅಂದಿನ ಇಟ್ಟಿಗೆಗೆ ಇಂದಿನ ಇಟ್ಟಿಗೆ ಈಗಲೂ ಸರಿಯಾಗಿ ಹೊಂದುತ್ತದೆ, ಮತ್ತು ನಮ್ಮಂಥವರು ಈ ಆಟಿಕೆಗೆ ಮನಸೋಲುವುದೂ ಇದೇ ಕಾರಣಕ್ಕೆ. ಆದರೆ ಪೇಟೆಂಟ್ ಎಂಬುದು ಹೊಸ ಆವಿಷ್ಕಾರದ ಮೇಲೆ ಸಿಗುವ, ಅವಧಿಯಿರುವ ಹಕ್ಕು. ಈ ಜೋಡಣೆಯ ಪೇಟೆಂಟ್‌ಗಳು 1970ರ ದಶಕದ ಕೊನೆಯಿಂದ ಒಂದೊಂದಾಗಿ ಮುಗಿದವು. ಬಳಿಕ ಇಟ್ಟಿಗೆಯ ಆಕಾರವನ್ನೇ, ಸರಕು ಯಾರದೆಂದು ತೋರಿಸುವ ಮತ್ತು ನವೀಕರಿಸುತ್ತ ಹೋಗಬಹುದಾದ ಟ್ರೇಡ್‌ಮಾರ್ಕ್ ಎಂದು ಉಳಿಸಿಕೊಳ್ಳಲು ಕಂಪನಿ ಪ್ರಯತ್ನಿಸಿತು. ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ, ಐರೋಪ್ಯ ಒಕ್ಕೂಟದ ನ್ಯಾಯಾಲಯ 2010ರಲ್ಲಿ ಅದನ್ನು ಒಪ್ಪಲಿಲ್ಲ. ಇಟ್ಟಿಗೆಯ ಆ ಆಕಾರ ಒಂದು ಕೆಲಸ ಮಾಡುವುದಕ್ಕಾಗಿ ಇರುವಂಥದ್ದು. ಮುಗಿದುಹೋದ ಪೇಟೆಂಟನ್ನು ಟ್ರೇಡ್‌ಮಾರ್ಕ್‌ನ ಹಿಂಬಾಗಿಲಿನಿಂದ ಶಾಶ್ವತಗೊಳಿಸಲು ಬರುವುದಿಲ್ಲ ಎಂಬುದು ಆ ತೀರ್ಪುಗಳ ತಿರುಳು. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9(3)ನೇ ಕಲಮಿನಲ್ಲಿಯೂ ತಾಂತ್ರಿಕ ಫಲಕ್ಕೆ ಅಗತ್ಯವಾದ ಆಕಾರವನ್ನು ನೋಂದಾಯಿಸುವಂತಿಲ್ಲ ಎಂಬ ನಿಯಮವಿದೆ.

ಆದ್ದರಿಂದ ಗುಬುಟು ಮತ್ತು ಕೊಳವೆಯ ಜೋಡಣೆಯನ್ನು ಯಾರು ಬೇಕಾದರೂ ಮಾಡಬಹುದು. ಲೆಗೊ ಎಂಬ ಹೆಸರು, ಕೆಂಪು ಚೌಕದ ಲಾಂಛನ, ಪೆಟ್ಟಿಗೆಯ ಮೇಲಿನ ಚಿತ್ರಗಳು, ಜೋಡಣೆಯ ಕೈಪಿಡಿಗಳು ಕಂಪನಿಯವು. 1978ರಲ್ಲಿ ಬಂದ ಪುಟ್ಟ ಮನುಷ್ಯಾಕೃತಿಯ ವಿಷಯ ಇಟ್ಟಿಗೆಯಂತಲ್ಲ. ಅದರ ಆಕಾರಕ್ಕೆ ಪಡೆದ ಟ್ರೇಡ್‌ಮಾರ್ಕನ್ನು 2015ರಲ್ಲಿ ಐರೋಪ್ಯ ನ್ಯಾಯಾಲಯ ಎತ್ತಿಹಿಡಿದಿದೆ. ಬೇರೆ ಕಂಪನಿಗಳ ಗೊಂಬೆಗಳು ತುಸು ವಿಚಿತ್ರ ಮುಖ ಮೈಕಟ್ಟಿನಿಂದ ಬರುವುದಕ್ಕೆ ಕಾರಣ ಇದೇ.

ಹೆಸರನ್ನು ಇಷ್ಟೊಂದು ಕಾಯುವುದೇಕೆ ಎಂದು ಕೇಳಿದರೆ ಉತ್ತರ ನಮ್ಮ ಮಾತಿನಲ್ಲಿಯೇ ಇದೆ. ನಾವು ಯಾವ ಯಂತ್ರದಲ್ಲಿ ಪ್ರತಿ ತೆಗೆಸಿದರೂ ಅದು ಝೆರಾಕ್ಸ್, ಯಾವ ವನಸ್ಪತಿಯಾದರೂ ಅದು ಡಾಲ್ಡಾ. ಒಂದು ಹೆಸರು ವಸ್ತುವಿನ ಸಾಮಾನ್ಯ ಹೆಸರಾಗಿಬಿಟ್ಟರೆ ಅದರ ಮೇಲಿನ ಹಕ್ಕು ಹೋಗಬಹುದು. ಅಮೆರಿಕದಲ್ಲಿ ಯೋ-ಯೋ ಎಂಬ ಹೆಸರಿನ ಹಕ್ಕನ್ನು ಡಂಕನ್ ಕಂಪನಿ 1965ರಲ್ಲಿ ನ್ಯಾಯಾಲಯದಲ್ಲಿ ಕಳೆದುಕೊಂಡದ್ದು ಹೀಗೆಯೇ. ಚಿಕ್ಕಮಗಳೂರಿನವರಾದ ನಮಗೆ ಇದು ಪರಕೀಯವಾದ ಚಿಂತೆಯೇನಲ್ಲ. ಎಲ್ಲಿಯದೋ ಬೀಜಕ್ಕೆ ಚಿಕೋರಿ ಬೆರೆಸಿ ಅದರ ಮೇಲೆ ನಮ್ಮ ಗಿರಿಯ ಹೆಸರು ಒತ್ತಿದ ಪೊಟ್ಟಣ ನೋಡಿದರೆ ನಮಗೂ ಮೈ ಉರಿಯುತ್ತದೆ. ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ಚಿಕ್ಕಮಗಳೂರು ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಆ ಪ್ರದೇಶದ ಬೆಳೆಗೆ ಮಾತ್ರ ಆ ಹೆಸರು ಎಂಬ ಮಾನ್ಯತೆ, ಸಿಕ್ಕಿದಾಗ ನಾವು ಸಂತೋಷಪಟ್ಟೆವು. ನಮ್ಮ ಹೆಸರು ಕಾಯುವುದು ನ್ಯಾಯ, ಅವರ ಹೆಸರು ಕಾಯುವುದು ದರ್ಪ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಮಕ್ಕಳ ಶಿಬಿರದ ಫ್ಲೆಕ್ಸಿಗೂ ಕಳ್ಳಮಾಲಿನ ಕಾರ್ಖಾನೆಗೂ ಒಂದೇ ನಿಯಮ ಎಂಬುದನ್ನು ಮಾತ್ರ ಒಪ್ಪಿಕೊಳ್ಳಲು ಇನ್ನೂ ಆಗಿಲ್ಲ.

ಎರಡನೆಯ ಹೆಜ್ಜೆ: ಬೆಲೆಯನ್ನು ಬಿಡಿಸಿ ನೋಡಿದ ಮೇಲೆ ಕೊಳ್ಳಿ

ಡೆನ್ಮಾರ್ಕ್, ಹಂಗೆರಿ, ಚೆಕ್ ಗಣರಾಜ್ಯ, ಮೆಕ್ಸಿಕೊ, ಚೀನಾ ಮುಂತಾದೆಡೆ ತಯಾರಾಗುವ ಈ ಇಟ್ಟಿಗೆಗಳು ನಮಗೆ ಆಮದಾಗಿಯೇ ಬರಬೇಕು. ಭಾರತವು ಆಟಿಕೆಗಳ ಮೇಲಿನ ಮೂಲ ಸೀಮಾಸುಂಕವನ್ನು 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಅಂಗಡಿಯವರನ್ನು ಬೈಯುವ ಮೊದಲು ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಬೇಕು.

ಪೆಟ್ಟಿಗೆಯ ಬೆಲೆಯನ್ನು ಅದರಲ್ಲಿರುವ ತುಂಡುಗಳ ಸಂಖ್ಯೆಯಿಂದ ಭಾಗಿಸಿದರೆ ತುಂಡಿನ ದರ ಸಿಗುತ್ತದೆ. ಆದರೆ ಈ ಲೆಕ್ಕವೊಂದನ್ನೇ ನಂಬಬೇಡಿ, ಏಕೆಂದರೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ನೂರಾರು ತುಂಡುಗಳನ್ನು ತುಂಬಿ ಸಂಖ್ಯೆಯನ್ನು ಹೆಚ್ಚಿಸಿದ ಪೆಟ್ಟಿಗೆಗಳೂ ಇರುತ್ತವೆ. ಪೆಟ್ಟಿಗೆಯ ತೂಕವನ್ನೂ ಹೋಲಿಸಿ ನೋಡುವುದು ಒಳ್ಳೆಯದು. ಚಲನಚಿತ್ರಗಳ ಪಾತ್ರ, ಪ್ರಸಿದ್ಧ ಕಾರುಗಳ ಹೆಸರು ಹೊತ್ತ ಪೆಟ್ಟಿಗೆಗಳಲ್ಲಿ ಆ ಹೆಸರಿನ ಒಡೆಯರಿಗೆ ಸಲ್ಲುವ ಪರವಾನಗಿ ಶುಲ್ಕವೂ ಸೇರಿರುತ್ತದೆ. ಅಂದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಹೆಸರುಗಳಿಗೆ ನೀವು ಹಣ ಕೊಡುತ್ತೀರಿ. ಮೊದಲ ಸಲ ಕೊಳ್ಳುವವರು 790 ತುಂಡುಗಳಿರುವ 10698 ಸಂಖ್ಯೆಯ ಕ್ಲಾಸಿಕ್ ಪೆಟ್ಟಿಗೆಯನ್ನೋ 484 ತುಂಡುಗಳ 10696 ಸಂಖ್ಯೆಯದನ್ನೋ ಆರಿಸಿಕೊಳ್ಳುವುದು ನನ್ನ ಸಲಹೆ. ಅವುಗಳಲ್ಲಿ ಸಾದಾ ಇಟ್ಟಿಗೆಗಳೇ ಹೆಚ್ಚು, ಮತ್ತು ಮಗುವಿನ ಕೈಗೆ ವರ್ಷಗಟ್ಟಲೆ ಕೆಲಸ ಕೊಡುವುದು ಸಾದಾ ಇಟ್ಟಿಗೆಗಳೇ. ಎಂಟು ಗುಬುಟುಗಳ ಆರು ಇಟ್ಟಿಗೆಗಳನ್ನು 91,51,03,765 ವಿಧಗಳಲ್ಲಿ ಜೋಡಿಸಬಹುದು ಎಂದು ಗಣಿತಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ.

ಹಳೆಯ ಇಟ್ಟಿಗೆಗಳನ್ನು ಕೊಳ್ಳುವುದಕ್ಕೆ ಸಂಕೋಚ ಬೇಡ. ಬೆಂಗಳೂರಿನಲ್ಲಿ ಮಕ್ಕಳು ದೊಡ್ಡವರಾದ ಮೇಲೆ ಮನೆ ಬದಲಿಸುವವರು ಕಿಲೋ ಲೆಕ್ಕದಲ್ಲಿ ಮಾರುವುದುಂಟು. ಒಮ್ಮೆ ಕಾನೂನುಬದ್ಧವಾಗಿ ಕೊಂಡ ಅಸಲಿ ವಸ್ತುವನ್ನು ಅದರ ಹೆಸರು ಹೇಳಿಯೇ ಮರುಮಾರಾಟ ಮಾಡುವುದು ಟ್ರೇಡ್‌ಮಾರ್ಕ್ ಉಲ್ಲಂಘನೆಯಲ್ಲ ಎಂದು ಕಾಯ್ದೆಯ 30(3)ನೇ ಕಲಮು ಹೇಳುತ್ತದೆ. ವಸ್ತುವಿನ ಸ್ಥಿತಿಯನ್ನು ಬದಲಿಸಿ ಅಥವಾ ಕೆಡಿಸಿ ಮಾರುವವರಿಗೆ ಈ ರಕ್ಷಣೆ ಇಲ್ಲ. ಕೈಪಿಡಿ ಇಲ್ಲದ ಹಳೆಯ ಪೆಟ್ಟಿಗೆ ಸಿಕ್ಕಿದರೆ ಬಿಡಬೇಡಿ, ಕಂಪನಿಯೇ ತನ್ನ ಜಾಲತಾಣದಲ್ಲಿ ಪೆಟ್ಟಿಗೆಯ ಸಂಖ್ಯೆಗೆ ಅನುಗುಣವಾಗಿ ಕೈಪಿಡಿಗಳನ್ನು ಉಚಿತವಾಗಿ ಕೊಡುತ್ತದೆ.

ಮೂರನೆಯ ಹೆಜ್ಜೆ: ನಕಲಿಯನ್ನೂ ಹೊಂದುವ ಇಟ್ಟಿಗೆಯನ್ನೂ ಬೇರೆ ಬೇರೆಯಾಗಿ ಗುರುತಿಸಿ

ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ತನ್ನದೇ ಹೆಸರು, ತನ್ನದೇ ವಿನ್ಯಾಸ ಇಟ್ಟುಕೊಂಡು ಲೆಗೊ ಇಟ್ಟಿಗೆಗೆ ಹೊಂದುವಂಥ ಇಟ್ಟಿಗೆ ಮಾಡುವ ಕಂಪನಿ ಯಾವ ಕಳ್ಳತನವನ್ನೂ ಮಾಡುತ್ತಿಲ್ಲ. ಪೋಲೆಂಡಿನ ಕೋಬಿ ಅಂಥದ್ದಕ್ಕೆ ಉದಾಹರಣೆ. ಪೆಟ್ಟಿಗೆ, ಚಿತ್ರ, ಕೈಪಿಡಿ, ಗೊಂಬೆ ಎಲ್ಲವನ್ನೂ ಹಾಗೆಯೇ ಇಳಿಸಿ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಮಾರುವುದು ನಕಲಿ. ಚೀನಾದ ಲೆಪಿನ್ ಇಂಥದ್ದಾಗಿತ್ತು. 2019ರಲ್ಲಿ ಶಾಂಘೈ ಪೊಲೀಸರು ಅದರ ಮೇಲೆ ದಾಳಿ ಮಾಡಿದರು, ಮರುವರ್ಷ ಅದರ ಮುಖ್ಯಸ್ಥನಿಗೆ ಆರು ವರ್ಷಗಳ ಜೈಲುಶಿಕ್ಷೆಯಾಯಿತು.

ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಆನ್‌ಲೈನ್ ಅಂಗಡಿಯೊಂದರಲ್ಲಿ ಅರ್ಧ ಬೆಲೆಗೆ ಸಿಗುತ್ತದೆಂದು ತರಿಸಿದ ಪೆಟ್ಟಿಗೆಯಲ್ಲಿ ಚಿತ್ರವೆಲ್ಲ ಸರಿಯಾಗಿತ್ತು, ಆದರೆ ಮಗಳು ಕಟ್ಟಿದ ಮನೆಯ ಗೋಡೆ ಆರನೆಯ ವರಸೆಗೆ ಬರುವಷ್ಟರಲ್ಲಿ ಪಕ್ಕದ ಗೋಡೆಗಿಂತ ಎತ್ತರವಾಗಿ, ಛಾವಣಿ ಕೂರಲಿಲ್ಲ. ಅಂದಿನಿಂದ ನಾನು ಅನುಸರಿಸುವ ಪರೀಕ್ಷೆ ಹೀಗಿದೆ. ಅಸಲಿ ಇಟ್ಟಿಗೆಯ ಪ್ರತಿಯೊಂದು ಗುಬುಟಿನ ನೆತ್ತಿಯ ಮೇಲೂ ಕಂಪನಿಯ ಹೆಸರು ಸಣ್ಣದಾಗಿ ಉಬ್ಬಿರುತ್ತದೆ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 8 ಮಿಲಿಮೀಟರ್ ದೂರ, ಗುಬುಟು ಬಿಟ್ಟು ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಚಪ್ಪಟೆ ತುಂಡಿನ ಎತ್ತರ ಅದರ ಮೂರನೆಯ ಒಂದು ಭಾಗ, ಅಂದರೆ 3.2 ಮಿಲಿಮೀಟರ್. ಬೇರೆ ಕಂಪನಿಯ ಇಟ್ಟಿಗೆ ಕೊಂಡಾಗ ಹತ್ತನ್ನು ಒಂದರ ಮೇಲೊಂದು ಏರಿಸಿ, ಪಕ್ಕದಲ್ಲಿ ಹತ್ತು ಲೆಗೊ ಇಟ್ಟಿಗೆಗಳನ್ನು ನಿಲ್ಲಿಸಿ. ಒಂದು ಇಟ್ಟಿಗೆಯಲ್ಲಿ ಕಣ್ಣಿಗೆ ಬೀಳದ ವ್ಯತ್ಯಾಸ ಹತ್ತರಲ್ಲಿ ಎದ್ದು ಕಾಣುತ್ತದೆ. ಎರಡೂ ಸಮನಾಗಿ ನಿಂತರೆ ಬೆರೆಸಲು ಅಡ್ಡಿಯಿಲ್ಲ; ಹೆಸರೇನೇ ಇರಲಿ, ಮಗುವಿಗೆ ಬೇಕಾದದ್ದು ಗೋಡೆ ನಿಲ್ಲುವುದು.

ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತು ಇದೆಯೇ ಎಂದು ನೋಡುವುದು ಇದಕ್ಕಿಂತ ಮುಖ್ಯ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ, 14 ವರ್ಷದೊಳಗಿನ ಮಕ್ಕಳಿಗಾಗಿ ಮಾರುವ ಆಟಿಕೆ ದೇಶೀಯವಾಗಿರಲಿ ವಿದೇಶೀಯವಾಗಿರಲಿ ಈ ಗುರುತು ಕಡ್ಡಾಯ. ಗುರುತಿನ ಜೊತೆಗಿರುವ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರಿಗೆ, ಯಾವ ವಸ್ತುವಿಗೆ ಕೊಟ್ಟದ್ದೆಂದು ತಿಳಿಯುತ್ತದೆ. ಆಮದು ಮಾಡಿದವರ ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ ಪೆಟ್ಟಿಗೆಯ ಮೇಲೆ ಇರಲೇಬೇಕು. (ಕುಶಲಕರ್ಮಿಗಳಾಗಿ ನೋಂದಾಯಿಸಿಕೊಂಡವರಿಗೆ ಈ ಆದೇಶದಿಂದ ವಿನಾಯಿತಿ ಇದೆ, ಚನ್ನಪಟ್ಟಣದ ಗೊಂಬೆಯ ಮೇಲೆ ಐಎಸ್‌ಐ ಹುಡುಕಿ ಕುಶಲಕರ್ಮಿಯೊಂದಿಗೆ ಜಗಳವಾಡಬೇಡಿ.)

ಅಸಲಿಯೆಂದು ಹೇಳಿ ನಕಲಿ ಕೊಟ್ಟಿದ್ದರೆ ಪೆಟ್ಟಿಗೆ ತೆರೆಯುವಾಗಲೇ ವಿಡಿಯೊ ಮಾಡಿಕೊಂಡು, ಬಿಲ್ಲು ಇಟ್ಟುಕೊಂಡು, ಮೊದಲು ಮಾರಿದವರಿಗೆ ಬರೆಯಿರಿ. ಉತ್ತರ ಬಾರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದಾದ್ದರಿಂದ ಮಾರಿದವರು ಎಲ್ಲಿದ್ದರೂ ನೀವು ಊರು ಬಿಟ್ಟು ಹೋಗಬೇಕಿಲ್ಲ. ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ನಾನು ಸೋಮಾರಿತನದಿಂದ ದೂರು ಕೊಡದೆ ಸುಮ್ಮನಾದೆ, ಅದು ಅನುಕರಣೀಯವಲ್ಲ.

ನಾಲ್ಕನೆಯ ಹೆಜ್ಜೆ: ಹೆಸರನ್ನು ಎಲ್ಲಿ, ಹೇಗೆ ಬರೆಯಬೇಕೆಂದು ತೀರ್ಮಾನಿಸಿ

ಫ್ಲೆಕ್ಸಿನ ವಿಷಯಕ್ಕೆ ಬರೋಣ. ಮನೆಯಲ್ಲಿ ಆಡುವ, ಮಾತಿನಲ್ಲಿ ಹೇಳುವ, ಬರಹದಲ್ಲಿ ಹೊಗಳುವ ಅಥವಾ ತೆಗಳುವ ಯಾರಿಗೂ ಈ ಚಿಂತೆ ಬೇಡ. ಹಣ ಪಡೆದು ಏನನ್ನಾದರೂ ನಡೆಸುವಾಗ ಅಥವಾ ಮಾರುವಾಗ ಮಾತ್ರ, ನೋಡುವವರಿಗೆ ‘ಇದು ಆ ಕಂಪನಿಯೇ ನಡೆಸುತ್ತಿರುವುದು, ಅಥವಾ ಕಂಪನಿಯ ಒಪ್ಪಿಗೆ ಪಡೆದದ್ದು’ ಎಂಬ ಭ್ರಮೆ ಬರುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಬಳಸಿದ ವಸ್ತು ಯಾವುದೆಂದು ಪ್ರಾಮಾಣಿಕವಾಗಿ ತಿಳಿಸಲು ಹೆಸರು ಹೇಳುವುದಕ್ಕೆ ಟ್ರೇಡ್ ಮಾರ್ಕ್ಸ್ ಕಾಯ್ದೆಯ 30ನೇ ಕಲಮು ಅವಕಾಶ ಕೊಡುತ್ತದೆ. ಇನ್ನೊಬ್ಬರ ಹೆಸರನ್ನು ನಮ್ಮ ಸಂಸ್ಥೆಯ ಹೆಸರನ್ನಾಗಿ ಮಾಡಿಕೊಳ್ಳಲು ಅದರಲ್ಲಿ ಅವಕಾಶವಿಲ್ಲ.

ಹೀಗಾಗಿ ‘ಚಿಕ್ಕಮಗಳೂರು ಲೆಗೊ ಶಿಬಿರ’ ಎಂಬುದು ತೊಂದರೆಯ ಬರಹ. ‘ಮಕ್ಕಳ ಕಟ್ಟೋಣ ಶಿಬಿರ’ ಎಂದು ನಮ್ಮದೇ ಹೆಸರನ್ನು ದೊಡ್ಡದಾಗಿ ಬರೆದು, ಕೆಳಗೆ ಸಾದಾ ಅಕ್ಷರಗಳಲ್ಲಿ ‘ಲೆಗೊ ಇಟ್ಟಿಗೆಗಳನ್ನು ಬಳಸಲಾಗುವುದು, ಲೆಗೊ ಸಮೂಹಕ್ಕೂ ಈ ಶಿಬಿರಕ್ಕೂ ಸಂಬಂಧವಿಲ್ಲ’ ಎಂದು ಸೇರಿಸಿದರೆ ನೆಮ್ಮದಿ. ಲಾಂಛನವನ್ನು ಎಲ್ಲಿಯೂ ಬಳಸಬೇಡಿ. ಕೆಂಪು ಚೌಕದಲ್ಲಿ ದುಂಡನೆಯ ಬಿಳಿ ಕನ್ನಡ ಅಕ್ಷರ ಬರೆಸುವ ಜಾಣತನವೂ ಬೇಡ, ಅದು ಅನುಕರಣೆಯೆಂದು ಯಾರಿಗಾದರೂ ತಿಳಿಯುತ್ತದೆ. ಅಂಗಡಿಯ ಹೆಸರು, ಜಾಲತಾಣದ ವಿಳಾಸ, ಪುಟದ ಹೆಸರು ಇವುಗಳಲ್ಲಿ ಆ ಪದವನ್ನು ಸೇರಿಸಬೇಡಿ. ಅಭಿಮಾನಿಗಳಿಗಾಗಿ ಕಂಪನಿ ಪ್ರಕಟಿಸಿರುವ ‘ಫೇರ್ ಪ್ಲೇ’ ಎಂಬ ನಿಯಮಾವಳಿಯಲ್ಲಿಯೂ ಇದೇ ಮಾತುಗಳಿವೆ.

ಅದೇ ನಿಯಮಾವಳಿ ಲೆಗೊ ಎಂಬುದನ್ನು ಯಾವಾಗಲೂ ವಿಶೇಷಣವಾಗಿ ಬಳಸಬೇಕು, ಬಹುವಚನ ಮಾಡಬಾರದು, ದೊಡ್ಡಕ್ಷರಗಳಲ್ಲಿಯೇ ಬರೆಯಬೇಕು ಎಂದೂ ಹೇಳುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವೇ ಇಲ್ಲ, ಹಾಗಾಗಿ ಆ ನಿಯಮದಿಂದ ನಾವು ಹುಟ್ಟಿನಿಂದಲೇ ಪಾರಾಗಿದ್ದೇವೆ. ನಾಮಪದ ಸಿಕ್ಕಿತೆಂದರೆ ವಿಭಕ್ತಿ ಹಚ್ಚದೆ ಬಿಡದ ಭಾಷೆ ನಮ್ಮದು. ‘ಲೆಗೊದಲ್ಲಿ ಕಟ್ಟಿದೆ’, ‘ಲೆಗೊವನ್ನು ತೊಳೆ’ ಎಂದು ಮಗು ಹೇಳಿದರೆ ತಿದ್ದಲು ನಾನಂತೂ ಹೋಗುವುದಿಲ್ಲ. ಆದರೆ ಮುದ್ರಿಸಿ ಹಂಚುವ ಬರಹದಲ್ಲಿ ‘ಲೆಗೊ ಇಟ್ಟಿಗೆಗಳು’ ಎಂದೇ ಬರೆಯುತ್ತೇನೆ, ಏಕೆಂದರೆ ಅದರಿಂದ ನನಗೆ ನಷ್ಟವೇನೂ ಇಲ್ಲ.

ಅಂಗಡಿಯವರಿಗೆ ಒಂದು ಎಚ್ಚರಿಕೆ. ಬೇರೆ ಕಂಪನಿಯ ಇಟ್ಟಿಗೆಗಳನ್ನು ಗಾಜಿನ ಕಪಾಟಿನಲ್ಲಿಟ್ಟು ‘ಲೆಗೊ, ಕೇವಲ 300 ರೂಪಾಯಿ’ ಎಂದು ಚೀಟಿ ಅಂಟಿಸುವುದು ಜಾಣ ವ್ಯಾಪಾರವಲ್ಲ. ಸುಳ್ಳು ಟ್ರೇಡ್‌ಮಾರ್ಕ್ ಹಚ್ಚಿದ ಮಾಲನ್ನು ಮಾರುವವರಿಗೆ ಆರು ತಿಂಗಳಿನಿಂದ ಮೂರು ವರ್ಷಗಳವರೆಗಿನ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗಿನ ದಂಡ ಕಾಯ್ದೆಯಲ್ಲಿದೆ. ‘ಲೆಗೊ ಇಟ್ಟಿಗೆಗಳಿಗೆ ಹೊಂದುತ್ತದೆ’ ಎಂದು ನಿಜವನ್ನೇ ಬರೆದರೆ ಮಾಲು ಖರ್ಚಾಗದೆ ಉಳಿಯುವುದಿಲ್ಲ.

ಐದನೆಯ ಹೆಜ್ಜೆ: ನೋಟಿಸ್ ಬಂದರೆ

ಹೆದರಿ ಎಲ್ಲವನ್ನೂ ಒಪ್ಪಿಕೊಂಡು ಸಹಿ ಹಾಕಬೇಡಿ, ಚೀಟಿಯನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಲೂ ಬೇಡಿ. ನೋಟಿಸಿನಲ್ಲಿ ಉತ್ತರಕ್ಕೆ ಕೊಟ್ಟಿರುವ ದಿನಾಂಕವನ್ನು ಗುರುತು ಮಾಡಿಕೊಂಡು, ಆಕ್ಷೇಪಿಸಿದ ಬರಹ ಅಥವಾ ಚಿತ್ರದ ಪ್ರತಿಯನ್ನು ತೆಗೆದಿಟ್ಟು, ಲಾಂಛನ ಇದ್ದರೆ ಕೂಡಲೇ ಇಳಿಸಿ, ಆಮೇಲೆ ವಕೀಲರ ಬಳಿ ಹೋಗಿ. ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಕಲಮಿನ ಪ್ರಕಾರ ಹಕ್ಕುದಾರರು ತಾವು ವ್ಯವಹಾರ ನಡೆಸುವ ಊರಿನ ನ್ಯಾಯಾಲಯದಲ್ಲಿಯೂ ದಾವೆ ಹೂಡಬಹುದು. ಚಿಕ್ಕಮಗಳೂರಿನ ಫ್ಲೆಕ್ಸಿನ ಜಗಳಕ್ಕೆ ದೆಹಲಿಗೆ ಅಲೆಯುವ ಸಂದರ್ಭ ಬರಬಾರದೆಂದರೆ ಪತ್ರದ ಹಂತದಲ್ಲಿಯೇ ಮುಗಿಸುವುದು ಲೇಸು. ಆಧಾರವಿಲ್ಲದ ಬೆದರಿಕೆಯ ವಿರುದ್ಧ ನಾವೇ ನ್ಯಾಯಾಲಯಕ್ಕೆ ಹೋಗಲು 142ನೇ ಕಲಮಿನಲ್ಲಿ ದಾರಿಯಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ.

ಆರನೆಯ ಹೆಜ್ಜೆ: ನಿಮ್ಮದೇ ವಿನ್ಯಾಸವನ್ನು ಕಟ್ಟಿ

ನಮ್ಮ ಶಿಬಿರದ ಮಕ್ಕಳು ಮೊದಲು ಕಟ್ಟಬೇಕೆಂದದ್ದು ಬೇಲೂರಿನ ಚೆನ್ನಕೇಶವ ದೇವಾಲಯವನ್ನು. 1117ರ ಆ ದೇವಾಲಯವನ್ನು ಇಟ್ಟಿಗೆಗಳಲ್ಲಿ ಕಟ್ಟುವುದು ಮೇಲ್ನೋಟಕ್ಕೆ ಅಂದುಕೊಂಡಷ್ಟು ಸುಲಭವಲ್ಲ. ಚೌಕವೊಂದನ್ನು ಅದರ ಕೇಂದ್ರದ ಸುತ್ತ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಸಿಗುವ ನಕ್ಷತ್ರದ ಅಂಚು ಹೊಯ್ಸಳ ಶಿಲ್ಪಿಗಳಿಗೆ ಪ್ರಿಯವಾದದ್ದು. ಲೆಗೊ ಗುಬುಟುಗಳಾದರೋ ಲಂಬಕೋನದ ಚೌಕಳಿಯಲ್ಲಿ ಮಾತ್ರ ಕೂರುತ್ತವೆ. ಇದಕ್ಕೆ ಎರಡು ಉಪಾಯಗಳಿವೆ. ಒಂದು, ನಡುವೆ ತಿರುಗುವ ತುಂಡನ್ನಿಟ್ಟು ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಕೂರಿಸುವುದು. ಇನ್ನೊಂದು, ಕೀಲಿನ ತುಂಡುಗಳನ್ನು ಬಳಸಿ 3, 4, 5ರ ಲಂಬಕೋನ ತ್ರಿಭುಜದ ಲೆಕ್ಕದಲ್ಲಿ ಗೋಡೆಯನ್ನು ಓರೆ ಮಾಡುವುದು; ಆ ತ್ರಿಭುಜದ ಮೂರು ಬಾಹುಗಳೂ ಪೂರ್ಣ ಗುಬುಟುಗಳ ಅಳತೆಗೆ ಬರುವುದರಿಂದ ಓರೆಗೋಡೆಯ ಎರಡು ತುದಿಗಳೂ ಮತ್ತೆ ಚೌಕಳಿಗೆ ಸೇರುತ್ತವೆ. ಹತ್ತನೆಯ ತರಗತಿಯ ಹುಡುಗನೊಬ್ಬ ಪೈಥಾಗೊರಸ್ ಪ್ರಮೇಯದ ಉಪಯೋಗ ಏನೆಂದು ತನಗೆ ಅಂದು ತಿಳಿಯಿತು ಎಂದ.

ಹೀಗೆ ಕಟ್ಟಿದ್ದನ್ನು ಕಂಪನಿಯೇ ಪೆಟ್ಟಿಗೆಯಾಗಿ ಮಾರುವಂತೆ ಮಾಡಲು ಲೆಗೊ ಐಡಿಯಾಸ್ ಎಂಬ ಅಧಿಕೃತ ದಾರಿ ಇದೆ. ಅಲ್ಲಿ ಹಾಕಿದ ವಿನ್ಯಾಸಕ್ಕೆ 10,000 ಜನರ ಬೆಂಬಲ ಸಿಕ್ಕರೆ ಕಂಪನಿ ಪರಿಶೀಲಿಸುತ್ತದೆ, ಒಪ್ಪಿದರೆ ನಿವ್ವಳ ಮಾರಾಟದ ಶೇ. 1ರಷ್ಟನ್ನು ವಿನ್ಯಾಸಕಾರರಿಗೆ ಕೊಡುತ್ತದೆ. ಆದರೆ ಧಾರ್ಮಿಕ ಕಟ್ಟಡಗಳಿಗೆ ಅಲ್ಲಿ ಪ್ರವೇಶವಿಲ್ಲ. ಬೇಲೂರು, ಹಳೇಬೀಡು, ಶೆಟ್ಟಿಹಳ್ಳಿಯ ನೀರಿನಲ್ಲಿ ನಿಂತ ಚರ್ಚು ಎಲ್ಲವೂ ಬಾಗಿಲಲ್ಲೇ ಉಳಿಯುತ್ತವೆ. ಮಕ್ಕಳ ಮುಖ ಸಪ್ಪಗಾದದ್ದನ್ನು ನೋಡಿ ನನಗೂ ಬೇಸರವಾಯಿತು. ಸಕಲೇಶಪುರದ ಹತ್ತಿರ ಟಿಪ್ಪು ಕಟ್ಟಿಸಿದ ಎಂಟು ಮೂಲೆಗಳ ಮಂಜರಾಬಾದ್ ಕೋಟೆಗಾಗಲೀ, ಕಣ, ಪಲ್ಪರ್ ಮನೆ, ಬಂಗಲೆ ಎಲ್ಲ ಇರುವ ಕಾಫಿ ತೋಟಕ್ಕಾಗಲೀ ಈ ಅಡ್ಡಿ ಬರುವುದಿಲ್ಲ. ಕಟ್ಟಿದ್ದನ್ನು ಮನೆಯಲ್ಲಿ, ಶಾಲೆಯಲ್ಲಿ, ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ ಇಡುವುದಕ್ಕಂತೂ ಯಾರ ಅಪ್ಪಣೆಯೂ ಬೇಡ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಚಾವಣ ತಾವು ಕೆತ್ತಿದ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೊರೆದಿಟ್ಟಂತೆ, ಮಾದರಿಯ ಕೆಳಗಿನ ಚೀಟಿಯಲ್ಲಿ ಕಟ್ಟಿದ ಮಕ್ಕಳ ಹೆಸರು ದೊಡ್ಡದಾಗಿರಲಿ. ಇಟ್ಟಿಗೆಯ ಹೆಸರು ಒಂದು ಸಾಲಿನಲ್ಲಿ ಬಂದರೆ ಸಾಕು.

ಏಳನೆಯ ಹೆಜ್ಜೆ: ಮಳೆಗಾಲಕ್ಕೆ ಮುನ್ನ ಎತ್ತಿಡಿ

ಇಷ್ಟು ಬೆಲೆ ತೆತ್ತ ಮೇಲೆ ಮಲೆನಾಡಿನ ಮಳೆಗೆ ಬಿಟ್ಟುಕೊಡಬಾರದು. ಇಟ್ಟಿಗೆಗಳು ಎಬಿಎಸ್ ಪ್ಲಾಸ್ಟಿಕ್ಕಿನವಾದ್ದರಿಂದ ಅವುಗಳಿಗೆ ತೇವದ ಭಯವಿಲ್ಲ. ಬೂಷ್ಟು ಹಿಡಿಯುವುದು ರಟ್ಟಿನ ಪೆಟ್ಟಿಗೆ, ಕೈಪಿಡಿ ಮತ್ತು ಸ್ಟಿಕ್ಕರ್‌ಗಳಿಗೆ. ಜೂನ್ ಬರುವುದರೊಳಗೆ ಇವನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಔಷಧಿ ಬಾಟಲಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಒಳಗಿಡಿ. ಇಟ್ಟಿಗೆಗಳನ್ನು 40 ಡಿಗ್ರಿ ಸೆಲ್ಸಿಯಸ್ ಮೀರದ ಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ಕೈಯಲ್ಲೇ ತೊಳೆಯಬೇಕು, ಹಂಡೆಯ ಕುದಿನೀರು ಸುರಿದರೆ ಆಕಾರ ಕೆಟ್ಟು ಹಿಡಿತ ಹೋಗುತ್ತದೆ. ಬಿಸಿಲಿನಲ್ಲಿ ಒಣಗಿಸಬೇಡಿ, ಬಿಳಿ ಮತ್ತು ನೀಲಿ ತುಂಡುಗಳ ಬಣ್ಣ ಮಾಸುತ್ತದೆ.

ಮಕ್ಕಳು ಆಡಲು ಕೂರುವಾಗ ನೆಲಕ್ಕೆ ದಪ್ಪ ಹಾಸೊಂದನ್ನು ಹಾಸಿ, ಇಟ್ಟಿಗೆಗಳನ್ನೆಲ್ಲ ಅದರ ಮೇಲೆಯೇ ಸುರಿಯಿರಿ. ಆಟ ಮುಗಿದಾಗ ನಾಲ್ಕು ಮೂಲೆ ಹಿಡಿದು ಎತ್ತಿದರೆ ಒಂದು ತುಂಡೂ ಮಂಚದ ಕೆಳಗೆ ಉಳಿಯುವುದಿಲ್ಲ, ರಾತ್ರಿ ಬರಿಗಾಲಿಗೆ ಚುಚ್ಚುವುದೂ ಇಲ್ಲ. ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಆರಡಿಯ ಆ ಫ್ಲೆಕ್ಸನ್ನೇ ಬಳಸುತ್ತಿದ್ದೇವೆ, ಅಕ್ಷರವಿರುವ ಮಗ್ಗುಲನ್ನು ಕೆಳಗೆ ಮಾಡಿ.